ನಕಲಾಗದ ಗಡಿಯಾರ

“ನಾನು ಒಪ್ಪಲ್ಲ,” ಎಂದರು ವೆಂಡೆಲ್ ಹಸ್ಕಿನ್ಸ್.

ವೆಬ್ ಪುಟಗಳನ್ನು ನಡೆಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೊಸದೇನನ್ನು ಸೇರಿಸಬೇಕೆಂದು ತೀರ್ಮಾನಿಸುವ ಆ ಸಮಿತಿಯಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಮುಗಿಯಿತು. ಪೋರ್ಟ್‌ಲ್ಯಾಂಡಿನ ಸಭಾಂಗಣದಲ್ಲಿ ಕೋರಾ ಲಿಂಡ್‌ಗ್ರೆನ್ ಪರದೆಯ ಪಕ್ಕದಲ್ಲಿ ನಿಂತೇ ಇದ್ದಳು. ಒಂದು ಆಬ್ಜೆಕ್ಟಿನ, ಅಂದರೆ ಹೆಸರಿಟ್ಟ ಮಾಹಿತಿಯ ಕಂತೆಯ, ಗುಣಗಳನ್ನು ಇನ್ನೊಂದಕ್ಕೆ ನಕಲು ಮಾಡಲು ಪ್ರೋಗ್ರಾಂ ಬರೆಯುವವರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದರು. ಎಲ್ಲರಿಗೂ ಒಂದೇ ವಿಧಾನ ಇರಲಿ ಎಂಬುದು ಅವಳ ಪ್ರಸ್ತಾವ. ಇವತ್ತೂ ಒಪ್ಪಿಗೆ ಸಿಗದಿದ್ದರೆ ಇದನ್ನು ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕು ಎಂದು ಅವಳ ಕಂಪನಿ ಹೇಳಿ ಕಳಿಸಿತ್ತು. ಅಧ್ಯಕ್ಷೆ ರೋಸಲಿ ನಿಟ್ಟುಸಿರಿಟ್ಟು ಕಾಫಿಗೆ ಬಿಡುವು ಕೊಟ್ಟರು.

ವೆಂಡೆಲ್ ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಅವಳ ಬಳಿಗೇ ಬಂದರು. ಅದು ಅವರ ಕೊನೆಯ ಸಭೆ; ನಾಳೆಯಿಂದ ನಿವೃತ್ತರು.

“ನಿಮ್ಮ ಬಾಯಲ್ಲಿ ‘ಆಗಲಿ’ ಅನ್ನೋ ಮಾತೇ ಬರಲ್ವಾ?” ಎಂದಳು ಕೋರಾ.

“ಮದ್ವೆ ದಿನ ಪಾದ್ರಿ ಮುಂದೆ ಒಂದ್ಸಲ ಅಂದಿದ್ದೆ. ಸಾಕಾಯ್ತು. ಕೂತ್ಕೋ, ಇದನ್ನ ನೋಡು.”

‘ಗಡಿಯಾರ’ ಎಂದು ಹೆಸರಿಟ್ಟು ಒಂದು ಆಬ್ಜೆಕ್ಟ್ ಬರೆದರು. ಅದಕ್ಕೆ ‘ಸಮಯ’ ಎಂಬ ಒಂದೇ ಗುಣ; ಕೇಳಿದಾಗಲೆಲ್ಲ ಆ ಕ್ಷಣದ ಹೊತ್ತನ್ನು ಲೆಕ್ಕ ಹಾಕಿ ಹೇಳುವಂಥದ್ದು. ಕೋರಾಳ ವಿಧಾನದಿಂದಲೇ ಅದನ್ನು ನಕಲು ಮಾಡಿದರು. ಒಂದೆರಡು ನಿಮಿಷ ಇಬ್ಬರೂ ಕಾಫಿ ಕುಡಿದರು. ಆಮೇಲೆ ವೆಂಡೆಲ್ ಮೂಲವನ್ನೂ ನಕಲನ್ನೂ ಹೊತ್ತೆಷ್ಟೆಂದು ಕೇಳಿದರು. ಮೂಲ ಮುಂದೆ ಸಾಗಿತ್ತು. ನಕಲು ಹುಟ್ಟಿದ ಗಳಿಗೆಯಲ್ಲೇ ನಿಂತಿತ್ತು.

ಕೋರಾ ಕಪ್ಪು ಕೆಳಗಿಟ್ಟಳು. “ಅಯ್ಯೋ. ನಕಲಿಗೆ ಉತ್ತರ ಬಂತು, ಉತ್ತರ ಹೇಳೋ ಶಕ್ತಿ ಬರ್ಲಿಲ್ಲ. ಇದು ನಂಗೆ ಹೊಳೆದೇ ಇರ್ಲಿಲ್ಲ.”

“ಹಂಗಂತ ನಿಂದು ತಪ್ಪಲ್ಲ. ಮುಕ್ಕಾಲು ಜನಕ್ಕೆ ಉತ್ತರವೇ ಸಾಕು. ಮಿಕ್ಕೋರು ಏನ್ಮಾಡ್ಬೇಕು?”

“ಅವ್ರಿಗೆ ಇನ್ನೊಂದು ವಿಧಾನ ಬೇಕು. ಗುಣಾನ ಅದರ ಒಳಗಿನ ಏರ್ಪಾಡಿನ ಸಮೇತ ತಂದ್ಕೊಡೋದು. ಎರಡನ್ನೂ ಒಂದ್ರಲ್ಲೇ ತುರುಕಬಾರ್ದು.” ಕೀಲಿಮಣೆಯತ್ತ ಹೋದ ಅವಳ ಕೈ ಅರ್ಧದಲ್ಲೇ ನಿಂತಿತು. “ಕೊನೇ ದಿನ, ಹೋಗ್ಲಿ ಅಂತ ಬಿಟ್ಬಿಡಬಹುದಿತ್ತಲ್ಲ ನೀವು? ಎಲ್ರೂ ನಗ್ತಾ ಕಳಿಸಿಕೊಡ್ತಿದ್ರು.”

“ನಾನು ಹೋಗ್ತೀನಿ ಕಣಮ್ಮ. ಭಾಷೆಗೆ ಸೇರಿದ್ದು ಹೋಗಲ್ಲ. ನಾಳೆ ಲೋಕವೆಲ್ಲ ಅದನ್ನ ನಂಬ್ಕೊಂಡು ಬರೆಯುತ್ತೆ. ಆಮೇಲೆ ನೀನು ಅತ್ತು ಕರೆದ್ರೂ ತೆಗೆಯೋಕಾಗಲ್ಲ.”

ಬಿಡುವು ಮುಗಿಯುವವರೆಗೂ ಕೋರಾ ತಲೆಯೆತ್ತದೆ ಬರೆದಳು. ಮತ್ತೆ ಪರದೆಯ ಮುಂದೆ ನಿಂತು ಹೇಳಿದಳು. “ಮೊದಲನೇ ವಿಧಾನ ಹಾಗೇ ಇರುತ್ತೆ, ಅದು ಏನನ್ನ ನಕಲು ಮಾಡುತ್ತೆ ಅಂತ ಈಗ ಸ್ಪಷ್ಟವಾಗಿ ಬರೆದಿದೀನಿ. ಅದರ ಜೊತೆಗಿರೋ ಎರಡನೇದು ನಂದಲ್ಲ. ವೆಂಡೆಲ್ ಬೇಡ ಅಂದಿದ್ದಕ್ಕೆ ಹುಟ್ಟಿದ್ದು. ಅವ್ರಿಗೆ ನಾನು ಋಣಿ.”

“ಯಾರಿಗಾದ್ರೂ ಆಕ್ಷೇಪ ಇದೆಯಾ?” ಎಂದು ರೋಸಲಿ ಕೇಳಿದರು.

ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವು. ಪ್ರಾರ್ಥನೆ ಮುಗಿದು ‘ಆಮೆನ್’ಗೆ ಮುಂಚೆ ಇರುತ್ತದಲ್ಲ, ಅಂಥ ನಿಶ್ಶಬ್ದ. ವೆಂಡೆಲ್ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ನಿಧಾನವಾಗಿ ಒರೆಸತೊಡಗಿದರು. ಏನೂ ಹೇಳಲಿಲ್ಲ.

ಅಷ್ಟು ದೊಡ್ಡ ಆಶೀರ್ವಾದವನ್ನು ಕೋರಾ ಹಿಂದೆಂದೂ ಕೇಳಿರಲಿಲ್ಲ.