ಗೇಟು ತೆಗೆದವರು

ಬೀಗ ಮುರಿದಿರಲಿಲ್ಲ. ಗೇಟು ಹಾಕಿದ ಹಾಗೇ ಇತ್ತು. ಒಳಗಿದ್ದ ಸೀನಪ್ಪ ಮಾತ್ರ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳು ಭಾರ್ಗವಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮುದುಕರು ಕಾಣೆ. ಮೂರು ದಿನದಿಂದ ಅವಳು ಬಂಗಾರಪೇಟೆಯ ಬೀದಿಗಳನ್ನೆಲ್ಲ ಸುತ್ತಿದ್ದಳು. ಸಿಕ್ಕವರಿಗೆಲ್ಲ ಫೋಟೋ ತೋರಿಸಿದ್ದಳು.

ಸೀನಪ್ಪನವರಿಗೆ ಮರೆವು. ಅವರು ದುಡಿದ ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದ್ದರೂ ಅವರಿಗೆ ದಿನಾ ಶಿಫ್ಟಿಗೆ ತಡವಾಗುತ್ತಿತ್ತು. ಇದು ಮನೆಗೆಲಸದ ಮುನಿಶಾಮಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಊರ ಬಾಯಿಗೆ ಹೆದರಿ ಭಾರ್ಗವಿ ಮುಚ್ಚಿಟ್ಟಿದ್ದಳು. ಹಗಲಲ್ಲೂ ಬೀಗ ಯಾಕೆ ಎಂದು ಕೇಳಿದವರಿಗೆ ಕಳ್ಳರ ಕಾಟ ಎನ್ನುತ್ತಿದ್ದಳು.

ಬೀಗದ ಕೈ ಇನ್ನಿಬ್ಬರ ಬಳಿ ಇತ್ತು. ಒಬ್ಬಳು ಮುನಿಶಾಮಮ್ಮ. ಇನ್ನೊಬ್ಬ ಮಹಡಿಯಲ್ಲಿ ಬಾಡಿಗೆಗಿದ್ದ ಜಪಾನಿನ ಇಂಜಿನಿಯರ್ ಹಿರೋಶಿ. ಅವನು ಅದೇ ದಿನ ನಸುಕಿಗೇ ಚೆನ್ನೈಗೆ ಹೊರಟುಹೋದನೆಂದು ಭಾರ್ಗವಿ ತಿಳಿದಿದ್ದಳು. ಇದ್ದಿದ್ದರೂ ಅವನ ಮೇಲೆ ಅನುಮಾನ ಬರುತ್ತಿರಲಿಲ್ಲ. ಅಷ್ಟು ಸಾಧು ಮನುಷ್ಯ.

ನಮ್ಮ ರೀತಿ ರಿವಾಜನ್ನು ಅವನು ಪರೀಕ್ಷೆಗೆ ಕೂತವನಂತೆ ಕಲಿಯುತ್ತಿದ್ದ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು. ತಲೆ ಅಡ್ಡಡ್ಡ ಆಡಿಸಿದರೂ ಹೂಂ ಎಂದೇ ಅರ್ಥ. ಸಂಬಳ ಎಷ್ಟೆಂದು ಕೇಳಬಹುದು, ಊಟ ಆಯಿತೇ ಎಂದು ಕೇಳಲೇಬೇಕು. ತಾನು ಪಾಠ ಮಾಡುತ್ತಿದ್ದ ಬೇತಮಂಗಲದ ಶಾಲೆಯಿಂದ ಅಪ್ಪನ ಹತ್ತಿರಕ್ಕೆ ವರ್ಗ ಮಾಡಿಸಿಕೊಳ್ಳಲು ಭಾರ್ಗವಿ ಕೋಲಾರಕ್ಕೆ ಹೊರಟ ದಿನ ಅವನು ಮಹಡಿಯಿಂದ ಎಲ್ಲಿಗೆಂದು ಕೂಗಿಬಿಟ್ಟ. ಅವಳು ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಟಳು. ವರ್ಗ ಆಗಲಿಲ್ಲ. ಸಂಜೆ ಚೆನ್ನಾಗಿ ಬೈದಳು. ಪಾಪ, ಮೂರು ಸಲ ಬಗ್ಗಿ ಕ್ಷಮೆ ಕೇಳಿದ.

ಹೀಗಾಗಿ ತಪ್ಪೆಲ್ಲ ಮುನಿಶಾಮಮ್ಮನ ತಲೆಗೆ ಬಂತು.

"ನಾನ್ಯಾಕಮ್ಮ ತೆಗೀಲಿ? ನಾನು ಬರೋ ಅಷ್ಟೊತ್ಗೇ ಯಜಮಾನ್ರು ಓಗ್ಬುಟ್ಟಿದ್ರು" ಎಂದಳು ಅವಳು.

ಭಾರ್ಗವಿ ನಂಬಲಿಲ್ಲ. ಹನ್ನೊಂದು ವರ್ಷ ದುಡಿದವಳನ್ನು ಬೀದಿಯಲ್ಲಿ ನಿಲ್ಲಿಸಿ ಬೈದು ಕಳಿಸಿದಳು.

ಬುಧವಾರ ಮಧ್ಯಾಹ್ನ ಪೊಲೀಸರ ಫೋನು ಬಂತು. ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಯ ಬೇಲಿಯಾಚೆ, ನೀರು ತುಂಬಿದ ಗುಂಡಿಯಲ್ಲಿ ಹೆಣ ಸಿಕ್ಕಿದೆ. ಅಪ್ಪ ಬೆಳಗಿನ ರೈಲು ಹತ್ತಿ ಡ್ಯೂಟಿಗೆ ಹೋಗಿದ್ದರು. ನೆಂಟರೆಲ್ಲ ಆಸ್ಪತ್ರೆಗೆ ಓಡಿದರು. ನೀನು ಬರಬೇಡ ಎಂದು ಭಾರ್ಗವಿಯನ್ನು ಮನೆಯಲ್ಲೇ ಬಿಟ್ಟರು. ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಆ ಮುನಿಶಾಮಮ್ಮನಿಗೆ ಒಳ್ಳೆಯದಾಗದಿರಲಿ ಎಂದು ಮನಸ್ಸಿನಲ್ಲೇ ಶಪಿಸಿದಳು.

ಆಗ ಆಟೋದಿಂದ ಇಳಿದು ಬಂದ ಹಿರೋಶಿ ಕೈ ಮುಗಿದ. ಪಾಠ ಒಪ್ಪಿಸುವ ಹುಡುಗನಂತೆ ಮುಖ ಅರಳಿತ್ತು.

"ಸೋಮವಾರ ಅಜ್ಜ, ನಾನು ಒಟ್ಟಿಗೆ ಹೊರಟೆವು. ಗೇಟು ನಾನೇ ತೆಗೆದೆ. ಎಲ್ಲಿಗೆ ಅಂತ ಕೇಳಲೇ ಇಲ್ಲ. ಅವರು ಹೋದ ಕೆಲಸ ಆಯಿತಾ?"