ದಾಕ್ಷಾಯಣಿಯ ಮೊದಲ ಆಪರೇಷನ್

“ನಿನ್ನೆ ಡಾಕ್ಟರ ಕೈ ನಡುಗಿದ್ವು ನೋಡ್ರಿ, ಕತ್ತರಿ ಕಸ್ಕೊಂಡು ಅರ್ಧ ಆಪರೇಷನ್ ನಾನೇ ಮುಗಿಸಿದೆ!”

ಇಲಿಯನ್ನು ಹುಲಿ ಮಾಡುವುದರಲ್ಲಿ ನರ್ಸಿಂಗ್ ವಿದ್ಯಾರ್ಥಿನಿ ದಾಕ್ಷಾಯಣಿಯದು ಎತ್ತಿದ ಕೈ. ಇವತ್ತು ಅದಕ್ಕೊಂದು ಕಾರಣವೂ ಇತ್ತು. ನಾಳೆ ಹೊಟ್ಟೆಯ ಗಡ್ಡೆ ತೆಗೆಸಿಕೊಳ್ಳಬೇಕಿದ್ದ ನಿಂಗಮ್ಮಜ್ಜಿ, “ನಾ ಒಲ್ಲೆ, ಮನಿಗೆ ಹೊಂಟೆ” ಎಂದು ಹಟ ಹಿಡಿದಿದ್ದಳು. ಅವಳನ್ನು ಒಪ್ಪಿಸುವ ಕೆಲಸ ದಾಕ್ಷಾಯಣಿಯ ಹೆಗಲಿಗೆ ಬಿದ್ದಿತ್ತು.

“ರಕ್ತ ನೋಡಿ ಹೆದರಿಕಿ ಬರಲಿಲ್ಲೇನ ಮಗಳ?”

“ಹೆದರಿಕಿ? ನನ್ನ ನೋಡಿ ರಕ್ತನೇ ಹೆದರಿ ನಿಂತುಬಿಡ್ತು!”

ಪಕ್ಕದ ಮಂಚದ ಬಾಣಂತಿ ಕಿಸಕ್ಕನೆ ನಕ್ಕಳು. ನಿನ್ನೆ ಸಿಸೇರಿಯನ್ ಆದದ್ದು ಅವಳಿಗೇ.

“ಸಿಸ್ಟರ್, ನನಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು. ಸೊಂಟದ ಕೆಳಗಷ್ಟೇ ಜೋಮು ಹಿಡಿದಿತ್ತು, ನಾ ಪೂರಾ ಎಚ್ಚರ ಇದ್ದೆ. ‘ಮೊದಲು ಈ ಹುಡುಗಿನ್ನ ಹೊರಗ ಹೊತ್ಕೊಂಡು ಹೋಗ್ರಿ’ ಅಂತ ಡಾಕ್ಟರು ಚೀರಿದ್ದು ಯಾರ ಸಲುವಾಗಿ?”

ದಾಕ್ಷಾಯಣಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಹಣೆ ಮುಚ್ಚುವಂತೆ ಹಾಕಿಕೊಂಡಿದ್ದ ಟೋಪಿಯನ್ನು ಇನ್ನಷ್ಟು ಕೆಳಗೆಳೆದಳು.

ಅಜ್ಜಿ ಅವಳ ಕೈ ಹಿಡಿದಳು. “ಖರೇ ಹೇಳವ್ವಾ. ಎಚ್ಚರಿದ್ದಾಕಿಗೆ ನೋವಾಗಲಿಲ್ಲೇನು?”

“ಇಲ್ಲ ಅಜ್ಜಿ. ಚಾಕು ಕಂಡ ಕೂಡಲೇ ನಾ ಧೊಪ್ಪಂತ ಬಿದ್ದೆ. ಆಕಿ ಮಲಕೊಂಡಲ್ಲೇ ನಗಾಕತ್ತಿದ್ಲು, ಹಣಿಗೆ ಹೊಲಿಗಿ ಬಿದ್ದಿದ್ದು ನನಗ!”