ಹದ ಹಾಕದ ಚಾಕು

ಒರ್ಲೀನಾ ತನ್ನ ಗಂಡನ ಕ್ಷೌರದ ಕತ್ತಿಯನ್ನು ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು. ಅವನು ಸತ್ತು ಇನ್ನೂ ತಿಂಗಳಾಗಿರಲಿಲ್ಲ; ಕತ್ತಿಯ ಹಿಡಿಯ ಸಂದಿಯಲ್ಲಿ ಸೋಪಿನ ನೊರೆ ಒಣಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಹದಿನೇಳರ ಮಗ ಆನ್ಸೆಲ್ ಅಪ್ಪನ ಉದ್ದನೆಯ ಕೋವಿ ಹಿಡಿದು ನಿಂತಿದ್ದ.

"ಇದನ್ನ ಬಟ್ಟೆ ಕೊಯ್ಯೋ ಚಾಕು ಮಾಡ್ಕೊಡು, ಜೂಬಲ್ ಮಾಮ. ಅವರಪ್ಪನ ಕತ್ತೀನೇ ಆಗ್ಬೇಕು."

ಯಾಕೆಂದು ಕಮ್ಮಾರ ಜೂಬಲ್ ಕೇಳಲಿಲ್ಲ. ಕೆಂಟಕಿಯ ಆ ಕಣಿವೆಯಲ್ಲಿ ಅಪ್ಪನನ್ನು ಕೊಂದವನನ್ನು ಮಗ ಬಿಡುವಂತಿಲ್ಲ; ಕೊಂದವನು ಹೊಳೆಯಾಚೆಯ ಸೈಲಸ್ ಮ್ಯಾಗರ್ಡ್ ಎಂಬುದು ಊರಿನ ಕೋಳಿಗೂ ಗೊತ್ತಿತ್ತು. ಆ ಕಾಲದ ಕೋವಿಗೆ ಮೂತಿಯಿಂದಲೇ ಈಡು ತುಂಬಬೇಕು. ಮದ್ದು ಸುರಿದು, ಕೊಬ್ಬು ಸವರಿದ ಬಟ್ಟೆ ಹಾಸಿ, ಅದರ ಮೇಲೆ ಗುಂಡು ಒತ್ತಿ, ಹೊರಗುಳಿದ ಬಟ್ಟೆಯನ್ನು ಮೂತಿಗೆ ಸಮನಾಗಿ ಒಂದೇ ಎಳೆತಕ್ಕೆ ಕೊಯ್ಯಬೇಕು. ಬಟ್ಟೆ ಹರಿದರೆ ಗುಂಡು ದಾರಿ ತಪ್ಪುತ್ತದೆ. ಬೆರಳುದ್ದದ ಆ ಚಾಕು ಇರುವುದು ಇಷ್ಟಕ್ಕೇ.

"ಹುಡುಗನಿಗೆ ಇನ್ನೂ ಮೀಸೆ ಬಂದಿಲ್ಲ ಕಣಮ್ಮ," ಎಂದ ಜೂಬಲ್.

"ಮೀಸೆ ಬರೋದ್ರೊಳಗೆ ಮ್ಯಾಗರ್ಡ್ ಮುದುಕ ತಾನಾಗೇ ಸತ್ತೋದ್ರೆ ಏನ್ಮಾಡ್ಲಿ ಮಾಮ?" ಎಂದು ಆನ್ಸೆಲ್ ನಕ್ಕ. ತಾಯಿ ನಗಲಿಲ್ಲ.

ಕತ್ತಿಯನ್ನು ಕಾಯಿಸಿ ಬಡಿದರೆ ಅದರ ಹಳೆಯ ಹದ ಹೋಗುತ್ತದೆ. ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೇನೇ ಉಕ್ಕು ಗಟ್ಟಿಯಾಗುವುದು. ಮರುದಿನ ಜೂಬಲ್ ಕತ್ತಿಯನ್ನು ಬಡಿದು ರೂಪ ಕೊಟ್ಟ, ಕೆಂಪಗೆ ಕಾಯಿಸಿದ, ಆದರೆ ಎಣ್ಣೆಗೆ ಅದ್ದಲಿಲ್ಲ. ತಣ್ಣಗಾಗಲೆಂದು ಬೂದಿಯೊಳಗೆ ತೂರಿಸಿಟ್ಟ. ಮೆತ್ತಗಿನ ಉಕ್ಕಿಗೂ ಅಂಚು ಕೂರುತ್ತದೆ, ನಿಲ್ಲುವುದಿಲ್ಲ ಅಷ್ಟೆ. ಹತ್ತಿಪ್ಪತ್ತು ಸಲ ಕೊಯ್ದ ಮೇಲೆ ಬಟ್ಟೆಯನ್ನು ಬರೀ ಕಚ್ಚಿ ಎಳೆಯುತ್ತದೆ. ಹುಡುಗನ ಗುರಿ ತಪ್ಪಲಿ, ಮುದುಕ ಬದುಕಲಿ, ಇಬ್ಬರೂ ಅವರವರ ಮನೆಗೆ ಹೋಗಿ ಉಣ್ಣಲಿ ಎಂಬುದು ಅವನ ಎಣಿಕೆ. ಆ ಕಣಿವೆಯ ಹೆಣ ಹೊತ್ತು ಹೊತ್ತು ಅವನ ಹೆಗಲು ಸೋತಿತ್ತು. ಒಳ್ಳೆಯವನೇ, ಆದರೆ ಪೆದ್ದ. ಗುಂಡು ತಪ್ಪಿಸಿಕೊಂಡ ಮ್ಯಾಗರ್ಡ್ ಕೈಕಟ್ಟಿ ಕೂರುತ್ತಾನೆಯೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಹೊಸ ಚಾಕುವಿನ ಮೊದಲ ಕೊಯ್ತ ಕುಲುಮೆಯಲ್ಲೇ ಆಗಬೇಕೆಂಬುದು ಅಲ್ಲಿಯ ರೂಢಿ, ಅದೂ ಚಾಕು ಮಾಡಿಸಿಕೊಂಡವನ ಕೋವಿಯ ಮೇಲೇ. ತಾಯಿಯ ಜೊತೆ ಬಂದಿದ್ದ ಆನ್ಸೆಲ್ ಬಟ್ಟೆ ಹಾಸಿ, ಗುಂಡು ಒತ್ತಿ, ಚಾಕು ಎಳೆದ. ಬಟ್ಟೆಯ ಚೂರು ದುಂಡಗೆ ಕೈಗೆ ಬಂತು.

"ಬೆಣ್ಣೆ ಕೊಯ್ದ ಹಾಗಾಯ್ತಲ್ಲ ಮಾಮ!"

ಜೂಬಲ್ ತಿದಿಯ ಕಡೆ ತಿರುಗಿಕೊಂಡ. ಆ ವಾರವಿಡೀ ದಿನಕ್ಕೆ ಎರಡು ಮೂರು ಸಲ ಗುಡ್ಡದ ಮೇಲೆ ಹುಡುಗ ಗುರಿ ಕಲಿಯುವ ಸದ್ದು ಕೇಳಿಸುತ್ತಿತ್ತು.

ಮುಂದಿನ ವಾರ ಒರ್ಲೀನಾ ಒಬ್ಬಳೇ ಬಂದಳು. ಕಂಕುಳಲ್ಲಿ ಅದೇ ಕೋವಿ. ಆನ್ಸೆಲ್ ಸತ್ತ ಸುದ್ದಿ ಅವಳಿಗಿಂತ ಮೊದಲೇ ಕುಲುಮೆ ಮುಟ್ಟಿತ್ತು.

"ಪೆಟ್ಟಿಗೆಗೆ ಮೊಳೆ ಬೇಕು, ಮಾಮ."

ಜೂಬಲ್ ಅವಳ ಮಡಿಲಿಗೆ ಮೊಳೆ ಹಾಕಿದ. ಅವಳು ಹೊರಡಲಿಲ್ಲ.

"ಮೊದಲ್ನೇ ಈಡು ತಪ್ಪಿತಂತೆ. ತಪ್ಪಲಿ, ಯಾರಿಗ್ ತಪ್ಪಲ್ಲ? ಇನ್ನೊಂದು ತುಂಬೋಕೆ ಬೇಕಾದಷ್ಟು ಹೊತ್ತಿತ್ತು. ಮ್ಯಾಗರ್ಡ್ ಹೊಳೆ ದಾಟಿ ಬಂದು ಹೊಡೆಯೋತನಕ ಇವನು ಚಾಕೂಲಿ ಬಟ್ಟೆ ಉಜ್ತಾನೇ ನಿಂತಿದ್ನಂತೆ. ಕಂಡೋರು ಹೇಳಿದ್ರು. ಚಾಕೂನೂ ಹೊಳೇಲಿ ಹೋಯ್ತು."

ಚಾಕು ಹೋಯಿತೆಂದು ಕೇಳಿ ಜೂಬಲ್‌ನ ಎದೆ ಹಗುರಾಯಿತು. ಹಗುರಾದದ್ದಕ್ಕೆ ಅವನಿಗೇ ಅಸಹ್ಯವಾಯಿತು.

"ಹೊತ್ತು ತಂದು ಮಲಗಿಸ್ದಾಗ ಇನ್ನೂ ಉಸಿರಿತ್ತು. 'ಕೈ ನಡುಗಿಬಿಡ್ತು ಅಮ್ಮ, ಅದಕ್ಕೇ ಕೊಯ್ಯೋಕಾಗ್ಲಿಲ್ಲ' ಅಂದ. ನಾನು ನಂಬಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋನ ಕೈ ನಡುಗಲ್ಲ." ಒರ್ಲೀನಾ ಕೋವಿಯನ್ನು ಕಂಕುಳಲ್ಲಿ ಮೇಲಕ್ಕೆ ಸರಿಸಿಕೊಂಡಳು. "ಇಲ್ಲಿ ಕೊಯ್ದಾಗ ನಾನು ಅವನ ಮುಖಾನೇ ನೋಡ್ತಿದ್ದೆ, ಕೈ ನೋಡ್ಲಿಲ್ಲ. ನೀನು ನೋಡಿರ್ತೀಯ. ಅಂಜಿದೋನಿಗೆ ಅವರಪ್ಪನ ಪಕ್ಕ, ನಮ್ಮ ಗೋರಿಗಳ ಬೇಲಿ ಒಳಗೆ ಜಾಗ ಇಲ್ಲ, ನಿಂಗೂ ಗೊತ್ತು. ಗುಂಡಿ ಎಲ್ಲಿ ತೋಡಲಿ ಅಂತ ಕಾಯ್ತಾ ಇದಾರೆ. ಹೇಳು ಮಾಮ, ನನ್ನ ಮಗನ ಕೈ ನಡುಗ್ತಿತ್ತಾ?"

ಇಲ್ಲ ತಾಯಿ, ಚಾಕುವಿಗೆ ನಾನೇ ಹದ ಹಾಕಿರಲಿಲ್ಲ. ಹೇಳಬೇಕಾದದ್ದು ಇಷ್ಟೇ. ಮಾತು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಅವನ ಕಣ್ಣು ಅವಳ ಕಂಕುಳಿನ ಕೋವಿಯ ಮೇಲೆ ಬಿತ್ತು. ಮಗನ ಹೆಣ ಮನೆಯಲ್ಲಿಟ್ಟು ಬಂದ ತಾಯಿಯ ಮುಂದೆ ಜೂಬಲ್‌ಗೆ ತನ್ನ ಜೀವದ ಚಿಂತೆಯಾಯಿತು.

"ಸ್ವಲ್ಪ... ನಡುಗಿತ್ತು ಕಣಮ್ಮ. ಚಿಕ್ಕ ಹುಡುಗ ಅಲ್ವಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒರ್ಲೀನಾ ಮಡಿಲಲ್ಲಿದ್ದ ಮೊಳೆಗಳನ್ನೆಲ್ಲ ಅಡಿಗಲ್ಲಿನ ಮೇಲೆ ಸುರಿದಳು.

"ವಾಪಸ್ ಇಟ್ಕೋ ಮಾಮ. ಬೇಲಿ ಹೊರಗೆ ಮಣ್ಣಾಗೋನಿಗೆ ಪೆಟ್ಟಿಗೆ ಯಾಕೆ, ಕಂಬಳಿ ಸಾಕು."